ನೂಲಿನ ವಖಾರಿಯ ಗೋಡೆ

ಅಕ್ಕ ಸತ್ತು ಎರಡು ವರ್ಷವಾಗಿದ್ದಾಗ ಆ ಗೋಡೆಯ ಕೆಲಸ ಶುರುವಾಯಿತು. ಆ ಎರಡು ವರ್ಷ ನಮ್ಮ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತಿರಲಿಲ್ಲ. ಅವಳ ಸೀರೆಗಳನ್ನು ಅವ್ವ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಳು. ಆ ಮೂಲೆಯ ಕಡೆ ಯಾರೂ ತಲೆಯೆತ್ತುತ್ತಿರಲಿಲ್ಲ.

ನಮ್ಮದು ಬನಹಟ್ಟಿಯ ಒಂದು ನೇಕಾರರ ಓಣಿ. ಹದಿನೇಳೋ ಹದಿನೆಂಟೋ ಮನೆ. ಬೆಳಗಾದರೆ ಎಲ್ಲ ಮನೆಗಳಿಂದಲೂ ಮಗ್ಗದ ಸಪ್ಪಳ. ನನ್ನನ್ನು ಅವ್ವನ ತಮ್ಮನಿಗೇ ಕೊಟ್ಟಿದ್ದರಿಂದ ತವರಿಗೂ ಗಂಡನ ಮನೆಗೂ ನಡುವೆ ನಾಲ್ಕೇ ಬಾಗಿಲು. ಮಧ್ಯಾಹ್ನ ಮನೆಗೆಲಸ ಮುಗಿಸಿ ಅಪ್ಪನಿಗೆ ಕಂಡಿಕೆ ಸುತ್ತಿಕೊಡಲು ಹೋಗುತ್ತಿದ್ದೆ; ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ರಾಟೆಯಿಂದ ನೂಲು ಸುತ್ತುವ ಕೆಲಸ ಅದು. ಅಪ್ಪ ಸೀರೆಯ ದಡಿ ನೇಯುವುದರಲ್ಲಿ ಹೆಸರಾದವನು. ಹೊಸ ದಡಿಯ ಚಿತ್ರವನ್ನು ಎಲ್ಲೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ, ಎಲ್ಲ ತಲೆಯಲ್ಲೇ. ಮಾತು ಬಹಳ ಕಡಿಮೆ.

ಅಕ್ಕನನ್ನು ಮಾತ್ರ ಹೊರಗೆ, ಮುಧೋಳಕ್ಕೆ ಕೊಟ್ಟಿದ್ದರು. ಮೂರನೆಯ ವರ್ಷ ಅವಳು ಒಬ್ಬಳೇ ಬಸ್ಸಿನಿಂದಿಳಿದು ಬಂದಳು. ಎಣ್ಣೆ ಹಚ್ಚಿ ಎರೆಯುವಾಗ ಅವ್ವ ಅವಳ ಬೆನ್ನಿನ ಬಾಸುಂಡೆ ನೋಡಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಒಂದು ತಿಂಗಳು ಕಳೆಯಿತು. ಮುಧೋಳದಿಂದ ಹಿರಿಯರು ಬಂದು ಕೂತು, ಚಹಾ ಕುಡಿದು, ಅಪ್ಪನ ಹತ್ತಿರ ಮಾತು ತೆಗೆದುಕೊಂಡು ಹೋದರು. ಅವರು ಹೋದ ಮೇಲೆ ಅಕ್ಕ ಮಗ್ಗದ ಮನೆಯ ಹೊಸ್ತಿಲಲ್ಲಿ ನಿಂತಳು. ನಮ್ಮದು ನೆಲ ತೋಡಿ ಕೂರಿಸಿದ ಕುಣಿ ಮಗ್ಗ. ಕುಣಿಯಲ್ಲಿ ಕಾಲು ಬಿಟ್ಟು ಕೂತವನ ಬೆನ್ನು ಬಾಗಿಲಿಗೆ.

“ಯಪ್ಪಾ, ನಾ ಹೋಗೂದಿಲ್ಲ. ಇಲ್ಲೇ ರಾಟಿ ಹಿಡಕೊಂಡು ಕೂಡ್ತೀನಿ. ನಿನಗ ಭಾರ ಆಗಾಂಗಿಲ್ಲ.”

ಅಪ್ಪ ತಿರುಗಲಿಲ್ಲ. ಲಾಳಿ ಆ ಕಡೆ ಹೋಯಿತು, ಈ ಕಡೆ ಬಂತು. “ನಾಳಿ ಬಸ್ಸಿಗೆ ಹೋಗಬೇಕು. ಮಾತು ಕೊಟ್ಟೇನಿ,” ಅಂದ.

ನಾನು ಪಕ್ಕದಲ್ಲೇ ರಾಟೆಯ ಮುಂದೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅಕ್ಕ ಅರಿವೆಗಳ ಬುಟ್ಟಿ ಹಿಡಿದು ಬಂದು, “ಬಾವಿಗೆ ಬರ್ತೀಯೇನ? ಒಕ್ಕೊಂಡು ಬರೂಣು,” ಅಂದಳು. “ಇದೊಂದೀಟು ಮುಗಿಸಿ ಬರ್ತೀನಿ, ನೀ ನಡಿ,” ಅಂದೆ. ಅವಳು ನಡೆದಳು. ನಾನು ಸುತ್ತುವುದು ಮುಗಿಸಿದೆ, ಆಮೇಲೆ ಅಪ್ಪ ಇನ್ನೊಂದು ಬಣ್ಣದ್ದು ಬೇಕೆಂದ, ಅದನ್ನೂ ಸುತ್ತಿದೆ. ಹೊತ್ತು ಇಳಿಯುವಾಗ ಹೊಲದಿಂದ ಬರುತ್ತಿದ್ದವರು ಬಾವಿಯ ಕಟ್ಟೆಯ ಮೇಲೆ ಬುಟ್ಟಿ ಮಾತ್ರ ಇರುವುದನ್ನು ನೋಡಿ ಕೂಗಿದರು.

ಕಾಲು ಜಾರಿತು ಎಂದು ಊರಿಗೆ ಹೇಳಿದೆವು. ಊರೂ ನಂಬಿದಂತೆ ಮಾಡಿತು. ಅವಳು ನನ್ನನ್ನು ಕರೆದಿದ್ದಳೆಂಬುದನ್ನು ನಾನು ಯಾರಿಗೂ ಹೇಳಲಿಲ್ಲ. ಪಕ್ಕದಲ್ಲೇ ಕೂತಿದ್ದ ಅಪ್ಪನೂ ಅದನ್ನು ಎಂದೂ ಬಾಯಿ ಬಿಟ್ಟು ಅನ್ನಲಿಲ್ಲ.

ಸಂಸ್ಥಾನಗಳು ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾಗಿದ್ದ ಕಾಲ ಅದು. ಜಮಖಂಡಿಯಲ್ಲಿ ಹಳೆಯ ಕುದುರೆ ಲಾಯವೊಂದನ್ನು ಸ್ವಚ್ಛ ಮಾಡಿ, ಅಲ್ಲಿ ಇಲ್ಲಿ ಬಿದ್ದಿದ್ದ ಹಳೆಯ ವಸ್ತುಗಳನ್ನು ತಂದು ಜೋಡಿಸಿ, ಜನ ನೋಡಲೆಂದು ತೆರೆದಿದ್ದರು. ಅದಕ್ಕೆ ಎಲ್ಲರೂ ಅಜಬಖಾನಿ ಅನ್ನುತ್ತಿದ್ದರು. ನೋಡಿಕೊಳ್ಳುತ್ತಿದ್ದವರು ಸಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿದ್ದ ಒಬ್ಬ ಮಾಸ್ತರರು. ಅಲ್ಲಿಯ ಚೀಟಿಗಳೆಲ್ಲ ಮರಾಠಿಯಲ್ಲಿದ್ದವು. ಅವನ್ನು ಕನ್ನಡದಲ್ಲಿ ತಗಡಿನ ಮೇಲೆ ಬರೆದುಕೊಡಲು ಮಾಸ್ತರರು ನಮ್ಮ ಓಣಿಯ ಬೋರ್ಡು ಬರೆಯುವವನನ್ನು ಕರೆಸಿದರು.

ಈ ಬೋರ್ಡಿನವನು ನಮ್ಮ ಓಣಿಯ ನಡುವಿನ ಮನೆಯವನು. ಅವನ ಅಣ್ಣತಮ್ಮಂದಿರು ನೇಯುತ್ತಿದ್ದರು. ಇವನಿಗೆ ಮಗ್ಗದ ಕುಣಿಯಲ್ಲಿ ಉಸಿರು ಕಟ್ಟುತ್ತಿತ್ತು. ಹೀಗಾಗಿ ರಬಕವಿಯ ಅಂಗಡಿಗಳಿಗೆ ಹೆಸರು, ತಂಬುವಿನಲ್ಲಿ ಬರುವ ಸಿನಿಮಾಗಳಿಗೆ ದೊಡ್ಡ ದೊಡ್ಡ ಮುಖ ಬರೆದುಕೊಂಡಿದ್ದ. ಅವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಹೋಗಿದ್ದಳು, ಕೂಸೂ ಉಳಿದಿರಲಿಲ್ಲ. ಮತ್ತೆ ಮದುವೆಯಾಗಿರಲಿಲ್ಲ. ಜಮಖಂಡಿಗೆ ಒಂದು ವಾರ ಹೋಗಿ ಬಂದವನು ಓಣಿಯ ಕಟ್ಟೆಯ ಮೇಲೆ ಕೂತು ಬೇರೆ ಏನನ್ನೂ ಮಾತಾಡದಂತಾದ. ಅಂಗಳದಲ್ಲಿ ಸಾಲಾಗಿ ವೀರಗಲ್ಲು ನಿಲ್ಲಿಸಿದ್ದಾರೆ, ಬೀಳಗಿ ಕಡೆಯಿಂದ, ಹೊಳೆ ದಂಡೆಯ ಊರುಗಳಿಂದ ತಂದದ್ದು, ಒಂದೊಂದರ ಮೇಲೂ ಒಬ್ಬೊಬ್ಬ ಸತ್ತವನ ಕಥೆ ಇದೆ ಎಂದು ಹೇಳಿದ್ದನ್ನೇ ಹೇಳುತ್ತಿದ್ದ. “ನೀವೆಲ್ಲಾ ಒಮ್ಮೆ ಬಂದು ನೋಡ್ರಿ,” ಎಂದು ಬೆನ್ನು ಹತ್ತಿದ.

ಅಮಾವಾಸ್ಯೆಯಂದು ಮಗ್ಗ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಅಂಥ ಒಂದು ದಿನ ಎರಡು ಚಕ್ಕಡಿ ಕಟ್ಟಿಕೊಂಡು, ರೊಟ್ಟಿ ಗಂಟು ಹಿಡಿದು ಹೋದೆವು. ಅವ್ವ ಬರಲಿಲ್ಲ. ಅಪ್ಪ ಬರುವುದಿಲ್ಲ ಎಂದವನು ಚಕ್ಕಡಿ ಹೊರಡುವ ಹೊತ್ತಿಗೆ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದು ಹಿಂದೆ ಕಾಲು ಇಳಿಬಿಟ್ಟು ಕೂತ.

ಒಳಗೆ ಕತ್ತಿ, ಗುರಾಣಿ, ಒಂದು ಮೇಣೆ, ಕಣ್ಣಿನ ಗಾಜು ಉದುರಿದ ಒಂದು ಹುಲಿ. ಅವುಗಳ ಮುಂದೆ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಂಗಳದ ಕಲ್ಲುಗಳ ಹತ್ತಿರ ಮಾಸ್ತರರು ಒಂದು ಕೋಲು ಹಿಡಿದು ತೋರಿಸಿದರು. ಕೆಳಗಿನ ಅಂತಸ್ತಿನಲ್ಲಿ ಒಬ್ಬ ದನಗಳ ಮುಂದೆ ನಿಂತು ಕತ್ತಿ ಎತ್ತಿದ್ದಾನೆ. ಅದರ ಮೇಲೆ ಇಬ್ಬರು ಹೆಂಗಸರು ಅವನ ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ಎಲ್ಲಕ್ಕೂ ಮೇಲೆ ಅವನು ಲಿಂಗದ ಮುಂದೆ ಕೂತಿದ್ದಾನೆ, ನೆತ್ತಿಯ ಮೇಲೆ ಸೂರ್ಯ, ಚಂದ್ರ.

“ಕೆಳಗ ಹೆಂಗ ಸತ್ತ ಅನ್ನೂದು. ನಡುವ ಯಾರು ಒಯ್ದರು ಅನ್ನೂದು. ಮ್ಯಾಲ ಎಲ್ಲಿ ಹ್ವಾದ ಅನ್ನೂದು,” ಅಂದರು ಮಾಸ್ತರರು.

ನಮ್ಮ ಓಣಿಯ ಕೊನೆಯ ಮನೆ ಕುರಿ ಕಾಯುವವರದು, ಬೀರೇಶ್ವರನ ಒಕ್ಕಲು. ಆ ಮನೆಯ ಮುದುಕಿಗೆ ಓಣಿಯವರೆಲ್ಲ ಆಯಿ ಅನ್ನುತ್ತಿದ್ದರು. ಹಬ್ಬಕ್ಕೆ ಸುಣ್ಣ, ಕೆಮ್ಮಣ್ಣು ಹಿಡಿದು ಎಲ್ಲರ ಬಾಗಿಲ ಎರಡೂ ಬದಿಗೆ ಕುರಿ, ನವಿಲು, ಬಳ್ಳಿ ಬರೆದುಕೊಡುತ್ತಿದ್ದವಳು ಅವಳೇ. ಅವಳು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

“ಇಂವ ದನಾ ಉಳಸಾಕ ಹೋಗಿ ಸತ್ತ, ಇವಗ ಕಲ್ಲು ನಿಂದ್ರಿಸಿದ್ರು. ನನ್ನ ಗಂಡ ಗಲಗಲಿ ಹೊಳಿಯಾಗ ಎರಡು ಕುರಿ ಹಿಡ್ಯಾಕ ಹ್ವಾದಾಂವ ಮ್ಯಾಲ ಬರಲಿಲ್ಲ. ಹೆಣಾನೂ ಸಿಗಲಿಲ್ಲ. ಅವಗ ಯಾರ ನಿಂದ್ರಿಸ್ಯಾರ್ರಿ ಮಾಸ್ತರ?”

ಮಾಸ್ತರರು ಕೋಲನ್ನು ಕೆಳಗಿಳಿಸಿದರು. “ಯಾರೂ ನಿಂದ್ರಸೂದಿಲ್ರಿ ಆಯಿ. ನೀವಽ ನಿಂದ್ರಸಬೇಕು,” ಅಂದರು.

ಅಪ್ಪ ಅಷ್ಟು ಹೊತ್ತೂ ಬೇರೊಂದು ಕಲ್ಲಿನ ಹತ್ತಿರ ನಿಂತಿದ್ದ. ಅಂತಸ್ತುಗಳ ನಡುವೆ ಸಣ್ಣ ಪಟ್ಟಿಯಂತೆ ಬಳ್ಳಿ ಕೆತ್ತಿದ್ದರು. ಅದರ ಮೇಲೆ ಬೆರಳಿಟ್ಟು, ಎಳೆ ಲೆಕ್ಕ ಹಾಕುವವನಂತೆ ತುಟಿ ಅಲ್ಲಾಡಿಸುತ್ತಿದ್ದ.

ಊರಿಗೆ ಮರಳುವ ದಾರಿಯಲ್ಲೇ ಬೋರ್ಡಿನವನು ಮಾತು ತೆಗೆದ. ಓಣಿಯ ಎದುರಿಗೆ ನೂಲು ತುಂಬಿಡುವ ವಖಾರಿ ಇತ್ತು, ಅದಕ್ಕೆ ಕಿಟಕಿಯಿಲ್ಲದ ಉದ್ದನೆಯ ಗೋಡೆ. ಕಲ್ಲು ಕೆತ್ತುವುದು ನಮಗೆ ಬಾರದು, ಗೋಡೆಯ ಮೇಲೆ ಬರೆಯುವುದು ಬರುತ್ತದೆ. ಒಂದೊಂದು ಮನೆಗೆ ಬಣ್ಣದಲ್ಲಿ ಬರೆದ ಒಂದೊಂದು ಕಲ್ಲು. ತಮ್ಮ ಮನೆಯಲ್ಲಿ ಸತ್ತವರನ್ನು ತಾವೇ ಬರೆಯಲಿ, ಕೈ ಬಾರದವರಿಗೆ ತಾನೂ ಆಯಿಯೂ ಬರೆದುಕೊಡುತ್ತೇವೆ ಎಂದ. ವಖಾರಿಯ ಮಾಲೀಕನನ್ನು ಕೇಳಿದಾಗ ಅವನು, “ಖಾಲಿ ಗೋಡಿ ಐತಿ, ಬರಕೋರಿ. ದೇವರದೊಂದು ಇರಲಿ,” ಅಂದ. ಎಲ್ಲ ಕಲ್ಲುಗಳ ಮೇಲೂ ಲಿಂಗ ಬರುತ್ತದೆ ಎಂದದ್ದಕ್ಕೆ ಒಪ್ಪಿದ.

ಸುಗ್ಗಿ ಮುಗಿದ ದಿನಗಳು. ಗೋಡೆಗೆ ಮೊದಲು ಸುಣ್ಣ ಬಳಿದರು. ಕೆಮ್ಮಣ್ಣು, ಇದ್ದಿಲು, ಬಣ್ಣ ಹಾಕುವವರ ಮನೆಯ ನೀಲಿ ಬಂತು. ಕಂಬಳಿಗೆ ಗಡಸು ಬರಲು ಹಾಕುವ ಹುಣಸೆ ಬೀಜದ ಗಂಜಿಯನ್ನು ಆಯಿ ಕುದಿಸಿ ತಂದಳು. ಅದನ್ನು ಬೆರೆಸಿದರೆ ಬಣ್ಣ ಕೈಗೆ ಹತ್ತುತ್ತಿರಲಿಲ್ಲ. ಕುಂಚಗಳನ್ನು ಆಡಿನ ಬಾಲದ ಕೂದಲಲ್ಲಿ ಕಟ್ಟಿದೆವು. ಸಂಜೆ ಮಗ್ಗ ಬಿಟ್ಟ ಮೇಲೆ ಬೆಳಕು ಇರುವ ತನಕ ಒಂದಿಷ್ಟು ಜನ ಗೋಡೆಯ ಮುಂದೆ ನಿಲ್ಲುತ್ತಿದ್ದರು.

ಹಬ್ಬದ ಕೆಲಸದಂತೆ ನಗುತ್ತ ಶುರುವಾದದ್ದು ಎರಡು ಮೂರು ದಿನದಲ್ಲೇ ಬದಲಾಯಿತು. ಸತ್ತದ್ದು ಹೇಗೆಂದು ಬರೆಯಬೇಕಾದರೆ ಅದನ್ನು ಹೇಳಬೇಕಲ್ಲ. ಎಂದೋ ಒಂದು ಬೇಸಿಗೆಯಲ್ಲಿ ವಾಂತಿಭೇದಿಗೆ ಎರಡು ಮಕ್ಕಳನ್ನು ಕೊಟ್ಟವಳು, ಮೊದಲು ಯಾವುದು ಹೋಯಿತು ಎಂದು ನೆನಪಾಗದೆ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರಿಬ್ಬರು, ಕೆಮ್ಮಿ ಕೆಮ್ಮಿ ಸತ್ತ ತಂದೆಯನ್ನು ಔಷಧಕ್ಕೆ ಬಿಜಾಪುರಕ್ಕೆ ಯಾಕೆ ಒಯ್ಯಲಿಲ್ಲ ಎಂದು ಗೋಡೆಯ ಮುಂದೆಯೇ ಮಾತಿಗೆ ಮಾತು ಬೆಳೆಸಿದರು. ಬೋರ್ಡಿನವನು ತನ್ನ ಹೆಂಡತಿಯನ್ನು ಬರೆಯಲು ಹೋಗಿ ಮುಖ ಅಳಿಸಿದ, ಮತ್ತೆ ಬರೆದ, ಮತ್ತೆ ಅಳಿಸಿದ. “ಸಿನಿಮಾದಾಕಿ ಹಂಗ ಆಗಾಕತ್ತಾಳ. ಅಕಿ ಮಾರಿ ನನಗ ನೆನಪಽ ಇಲ್ಲ,” ಎಂದು ಆಯಿಗೆ ಹೇಳಿ ಅತ್ತ. ಆ ಹೆಣ್ಣುಮಗಳಿಗೆ ಎಣ್ಣೆ ಹಚ್ಚಿ ಎರೆದು, ಕೊನೆಗೆ ಕಣ್ಣು ಮುಚ್ಚಿಸಿದವಳು ಆಯಿ. ಅವಳೇ ಕುಂಚ ತೆಗೆದುಕೊಂಡು ನಾಲ್ಕು ಗೆರೆಯಲ್ಲಿ ಬರೆದಳು. ಕಣ್ಣು, ಮೂಗು, ಮೂಗುಬೊಟ್ಟು. ಅವನು ನೋಡುತ್ತ ನಿಂತ.

ಆಯಿಯ ಕಲ್ಲು ಎಲ್ಲಕ್ಕೂ ಮೊದಲು ಮುಗಿದಿತ್ತು. ಕೆಳಗೆ ನೀಲಿ ಹೊಳೆ, ಅದರಲ್ಲಿ ಒಂದು ಕೈ ಮಾತ್ರ. ನಡುವೆ ಹೆಂಗಸರ ಬದಲು ಎರಡು ಕುರಿಗಳೇ ಅವನನ್ನು ಹೊತ್ತುಕೊಂಡು ಹೋಗುತ್ತಿದ್ದವು. ಮೇಲೆ ಲಿಂಗದ ಸುತ್ತಲೂ ಮತ್ತೆ ಕುರಿ. ಕೈಲಾಸದಲ್ಲಿ ಕುರಿ ಯಾಕೆ ಎಂದು ಯಾರೋ ಕೇಳಿದ್ದಕ್ಕೆ, “ಇಲ್ಲಾಂದ್ರ ಅಂವ ಅಲ್ಲಿ ಏನ್ ಮಾಡ್ತಾನ?” ಅಂದಳು.

ಬೋರ್ಡಿನವನು ಹಗ್ಗ ಹಿಡಿದು ಗೆರೆ ಹಾಕುವಾಗ ಪ್ರತಿ ಮನೆಗೂ ಒಂದೊಂದು ಜಾಗ ಬಿಟ್ಟಿದ್ದ. ನಮ್ಮ ಮನೆಗೂ ಬಿಟ್ಟಿದ್ದ. ಅಪ್ಪನನ್ನು ಕೇಳಿದಾಗ, “ನಮ್ಮ ಮನ್ಯಾಗ ಬರಿಯೂವಂಥಾದ್ದು ಏನಿಲ್ಲ,” ಎಂದು ಒಳಗೆ ಹೋದ. ಬೋರ್ಡಿನವನು ಆ ಜಾಗವನ್ನು ಬೇರೆಯವರಿಗೆ ಕೊಡಲಿಲ್ಲ, ತುಂಬಲೂ ಇಲ್ಲ. ಅಕ್ಕಪಕ್ಕ ಬಣ್ಣ ತುಂಬುತ್ತ ಬಂದಂತೆ ಆ ಬಿಳಿ ಜಾಗವೇ ಎದ್ದು ಕಾಣತೊಡಗಿತು. ಅವ್ವ ನೀರಿಗೆ ಹೋಗುವ ದಾರಿ ಬದಲಿಸಿದಳು. ಕೊಡ ಹೊತ್ತು ಹಿಂದಿನ ಸಂದಿಯಿಂದ ಸುತ್ತು ಹಾಕಿ ಬರುತ್ತಿದ್ದಳು.

ಹೀಗೆ ಹದಿನೈದು ದಿನವಾಗಿರಬೇಕು. ಒಂದು ಮಧ್ಯಾಹ್ನ ನಾನು ರಾಟೆಯ ಮುಂದೆ ಕೂತಿದ್ದಾಗ ಲಾಳಿಯ ಸಪ್ಪಳ ನಿಂತಿತು. ನೂಲು ಕಡಿದಿದೆ ಅಂದುಕೊಂಡೆ. ಅಪ್ಪ ಕುಣಿಯಿಂದ ಕಾಲು ತೆಗೆದು ಎದ್ದು, ನನ್ನನ್ನು ದಾಟಿ, ಬಿಸಿಲಲ್ಲಿ ಬರಿಗಾಲಲ್ಲೇ ಓಣಿ ದಾಟಿದ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವನು ಗೋಡೆಯ ಮುಂದೆ ಕೂತಿದ್ದ. ಕೈಯಲ್ಲಿ ಕುಂಚ ಇತ್ತು.

ಮೊದಲ ಮೂರು ದಿನ ಬರೀ ಅಂಚು ಬರೆದ. ತನ್ನ ಸೀರೆಗಳಿಗೆ ಹಾಕುವ ದಡಿಯನ್ನೇ, ಎಳೆಗೆ ಎಳೆ, ಆ ಬಿಳಿ ಜಾಗದ ಸುತ್ತಲೂ. ಅಷ್ಟಕ್ಕೇ ಬಿಡುತ್ತಾನೇನೋ ಅಂದುಕೊಂಡೆವು. ನಾಲ್ಕನೆಯ ದಿನ ಕೆಳಗಿನ ಅಂತಸ್ತಿನಲ್ಲಿ ಬಾವಿಯ ಕಟ್ಟೆ ಬರೆದ. ಅದರ ಪಕ್ಕದಲ್ಲೇ ಒಂದು ಮಗ್ಗ. ಬಾವಿಯ ಹತ್ತಿರ ಮಗ್ಗ ಎಲ್ಲಿಂದ ಬಂತು ಎಂದು ನೋಡುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮಗ್ಗದಲ್ಲಿ ಒಬ್ಬ ಗಂಡಸನ್ನು ಕೂರಿಸಿದ. ಮುಖ ಇಲ್ಲ, ಬೆನ್ನು ಮಾತ್ರ; ಹೆಗಲ ಮೇಲೆ ಅಪ್ಪನದೇ ಟವೆಲು. ಆ ಬೆನ್ನಿನ ಹಿಂದೆ ಒಂದು ಹುಡುಗಿ, ಕೈ ಮುಂದೆ ಚಾಚಿದ್ದಾಳೆ.

ಓಣಿಯ ಜನ ಒಬ್ಬೊಬ್ಬರಾಗಿ ಬಂದು ಹಿಂದೆ ನಿಂತರು. ಎರಡು ವರ್ಷ ನಾವು ಕಾಲು ಜಾರಿತು ಅಂದದ್ದು, ಅವರು ಹೂಂ ಅಂದದ್ದು, ಎಲ್ಲ ಅಲ್ಲಿ ಕೆಮ್ಮಣ್ಣಿನಲ್ಲಿ ಒಣಗುತ್ತಿತ್ತು.

“ಸಾಕಪ್ಪಾ, ಬಿಡಿನ್ನ,” ಅಂದಳು ಆಯಿ ಮೆಲ್ಲಗೆ.

“ತಡಿ ಆಯಿ, ಕೈಗೆ ಬಳಿ ಹಾಕೂದೈತಿ,” ಎಂದ ಅಪ್ಪ. ಚಾಚಿದ ಆ ಸಣ್ಣ ಕೈಗೆ ಹಸಿರು ಬಳೆ ಬರೆದು, ಕುಂಚವನ್ನು ನೀರಲ್ಲಿ ತೊಳೆದು, ಗೋಡೆಗೆ ಆನಿಸಿಟ್ಟು ಮನೆಗೆ ನಡೆದ. ಮೇಲಿನ ಎರಡು ಅಂತಸ್ತು ಅವನು ಮುಟ್ಟಲಿಲ್ಲ.

ನಡುವಿನದನ್ನು ನೀನು ಬರಿ ಎಂದು ಬೋರ್ಡಿನವನು ನನಗೆ ಹೇಳಿದ. ರಂಗೋಲಿ ಹಾಕಿ ಅಭ್ಯಾಸವಿದ್ದ ಕೈ ನನ್ನದು, ಮನುಷ್ಯರನ್ನು ಬರೆದು ಗೊತ್ತಿರಲಿಲ್ಲ. ಆದರೂ ಕೂತೆ. ಬಾವಿಯಿಂದ ಅವಳನ್ನು ಮೇಲೆ ತಂದ ಇಬ್ಬರು ರೈತರನ್ನು ಬರೆದೆ, ಮುಖ ಒರೆಸಿದ ಆಯಿಯನ್ನು ಬರೆದೆ, ಸೆರಗು ಸರಿ ಮಾಡಿದ ನೆರೆಮನೆಯವಳನ್ನು ಬರೆದೆ.

“ತಂಗೆವ್ವಾ, ನೀ ಎಲ್ಲಿ ಅದೀ ಇದರಾಗ?” ಎಂದು ಕೇಳಿದ ಬೋರ್ಡಿನವನು. ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಒಂದು ಮೂಲೆ ಖಾಲಿ ಉಳಿದಿತ್ತು, ಅಷ್ಟೆ.

“ನಾ ಹೋಗಲಿಲ್ಲಣ್ಣಾ,” ಅಂದೆ. “ಅಕಿ ಕರದ್ಲು. ಮುಗಿಸಿ ಬರ್ತೀನಿ ಅಂದೆ.” ಅದುವರೆಗೆ ಗಂಡನಿಗೂ ಹೇಳದೇ ಇದ್ದ ಮಾತು. ಹೇಳಿದರೆ ಹಗುರಾಗುತ್ತದೆ ಅನ್ನುತ್ತಾರೆ, ನನಗೆ ಹಾಗೇನೂ ಆಗಲಿಲ್ಲ. ಬರೆಯುತ್ತಿದ್ದ ಗೆರೆ ಕೆಟ್ಟಿತು. ಅವನು ಸುಣ್ಣ ಹಚ್ಚಿ ಆ ಗೆರೆಯನ್ನು ಸರಿ ಮಾಡಿದ. ಆ ಮೂಲೆಯಲ್ಲಿ ನಾನು ಒಂದು ರಾಟೆ ಬರೆದೆ. ನೋಡಿದವರು ನೇಕಾರರ ಮನೆಯೆಂದು ತೋರಿಸಲು ಬರೆದದ್ದೆಂದುಕೊಂಡರು.

ಮೇಲಿನ ಅಂತಸ್ತಿಗೆ ಅವ್ವನನ್ನು ಕೇಳಬೇಕಾಗಿತ್ತು. ನಾನು ಅವಳನ್ನು ಕೈ ಹಿಡಿದು ಕರೆತಂದೆ. ಅವಳು ಮೊದಲ ಸಲ ಆ ಗೋಡೆಯನ್ನು ಕಣ್ಣೆತ್ತಿ ನೋಡಿದ್ದು ಆಗ. ಹಸಿರು ಬಳೆಯ ಕೈಯನ್ನು ನೋಡಿದಳು. ಅಪ್ಪನ ಬೆನ್ನನ್ನು ನೋಡಿದಳು. ಬೋರ್ಡಿನವನು, “ಮ್ಯಾಲ ಲಿಂಗದ ಮುಂದ ಕುಂದ್ರಿಸ್ತೀನ್ರಿ ಅಕ್ಕಾರ, ಎಲ್ಲಾರ ಹಂಗ,” ಅಂದ.

“ಬ್ಯಾಡ.”

“ಯಾಕ್ರಿ?”

“ಅಕಿ ಎಲ್ಲಿ ಹ್ವಾದ್ಲೋ ನನಗ ಗೊತ್ತಿಲ್ಲ. ಹಂಗ ಸತ್ತವರಿಗೆ ಅಲ್ಲಿ ಜಾಗಾ ಇಲ್ಲ ಅಂತಾರ. ಐತಿ ಅಂತ ನಾ ಸುಳ್ಳ ಹೇಳಲಿ? ಇಲ್ಲ ಅಂತ ಹ್ಯಾಂಗ ಬರಸ್ಲಿ? ಬಿಡು ಹಂಗಽ.”

ಹಾಗೇ ಬಿಟ್ಟರು. ಅಪ್ಪನ ದಡಿಯ ನಡುವೆ ಮೇಲಿನ ಭಾಗ ಬಿಳಿಯಾಗಿಯೇ ಉಳಿಯಿತು. ಜಮಖಂಡಿಯಿಂದ ಮಾಸ್ತರರು ಒಂದು ದಿನ ನೋಡಲು ಬಂದರು. ಛತ್ರಿ ಮಡಚಿ ಹಿಡಿದು ಒಂದೊಂದನ್ನೂ ನೋಡುತ್ತ ಬಂದವರು ನಮ್ಮದರ ಮುಂದೆ ನಿಂತು, “ಇದು ಮುಗಿದೈತೇನು?” ಎಂದು ಕೇಳಿದರು. “ಮುಗದೈತ್ರಿ,” ಎಂದ ಅಪ್ಪ. ಅವರು ತಲೆಯಾಡಿಸಿದರು. ಹೋಗುವಾಗ ಆಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅಷ್ಟು ಓದಿದವರು ತನ್ನ ಕಾಲು ಮುಟ್ಟಿದ್ದು ಆಯಿಗೆ ಎಷ್ಟೋ ದಿನ ಮುಜುಗರವಾಗಿತ್ತು.

ಗೋಡೆಯ ಸುದ್ದಿ ಸಂತೆಯಿಂದ ಸಂತೆಗೆ ಹೋಯಿತು. ತೇರದಾಳದಿಂದ, ಹಿಪ್ಪರಗಿಯಿಂದ ಬಂದು ನೋಡಿ ಹೋದರು. ಮುಧೋಳಕ್ಕೂ ಮುಟ್ಟಿರಬೇಕು. ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ ಅಕ್ಕನ ಗಂಡ ಬಂದ. ಜೊತೆಗೆ ಯಾರೂ ಇರಲಿಲ್ಲ. ಅವನು ಆಗಲೇ ಇನ್ನೊಂದು ಮದುವೆಯಾಗಿದ್ದ. ಜಗಳಕ್ಕೆ ಬಂದಿದ್ದಾನೆಂದು ಓಣಿಯ ಗಂಡಸರು ಮಗ್ಗ ಬಿಟ್ಟು ಹೊರಗೆ ಬಂದು ನಿಂತರು. ನನಗೆ ಜಗಳವೇ ಬೇಕಾಗಿತ್ತು. ಎರಡು ವರ್ಷ ಆ ಮನುಷ್ಯನಿಗೆ ಹೇಳಬೇಕೆಂದಿದ್ದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು.

ಅವನು ಗೋಡೆಯ ಹತ್ತಿರ ಹೋಗಿ ನಮ್ಮ ಕಲ್ಲನ್ನು ಹುಡುಕಿ ನಿಂತ. ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ ನೋಡಿದ. ಅಪ್ಪ ಬಾಗಿಲಿಗೆ ಬಂದು, “ಬರ್ರಿ,” ಎಂದು ಕರೆದ. ಅಳಿಯನಿಗೆ ಅನ್ನಬೇಕಾದ ಮಾತು, ಅಷ್ಟೇ.

“ನಾ ಎಲ್ಲೂ ಇಲ್ಲಲ್ರೀ ಇದರಾಗ,” ಅಂದ ಅವನು.

ಅಪ್ಪ ಅವನನ್ನೇ ನೋಡಿದ. “ಇಲ್ರಿ. ಅಕಿ ನನ್ನ ಕೇಳಿದ್ಲು. ನಿಮ್ಮನ್ನ ಕೇಳಿದ್ದಿಲ್ಲ.”

ಅವನು ಮತ್ತೊಂದು ಸಲ ಗೋಡೆ ನೋಡಿದ. ಅವನ ಮುಖದ ಮೇಲೆ ಏನು ಬಂತೆಂದು ನಾನು ಹತ್ತಿರದಿಂದಲೇ ಕಂಡೆ. ಅದು ನಾಚಿಕೆಯಲ್ಲ, ಸಿಟ್ಟೂ ಅಲ್ಲ. ಹೊರೆ ಇಳಿಸಿದವನ ಮುಖ. ಒಳಗೆ ಬಾರದೆ, ನೀರೂ ಕುಡಿಯದೆ, ಎಲ್ಲರಿಗೂ ಒಂದು ನಮಸ್ಕಾರ ಹಾಕಿ ಬಸ್ಸಿನ ಕಡೆ ನಡೆದುಬಿಟ್ಟ. ಅವನ ಹೆಜ್ಜೆಯಲ್ಲಿ ಬಂದಾಗ ಇದ್ದ ಭಾರ ಇರಲಿಲ್ಲ.

ನಾನು ಅಪ್ಪನ ಮೇಲೆ ತಿರುಗಿಬಿದ್ದೆ. ಹುಟ್ಟಿದಾಗಿನಿಂದ ಅವನಿಗೆ ಎದುರು ಮಾತಾಡಿದವಳಲ್ಲ. “ಅಕಿ ಬೆನ್ನಿನ ಮ್ಯಾಲಿಂದು ಯಾರು ಬರೀಬೇಕಿತ್ತು? ಎಲ್ಲಾ ನಿನ್ನ ಮ್ಯಾಲ ಹಾಕ್ಕೊಂಡಿ. ಅಂವ ನೋಡು, ತಪ್ಪಽ ಇಲ್ಲದಾಂವ ಆಗಿ ಹ್ವಾದ.”

“ಅವಂದು ಅಂವ ಬರಕೋಬೇಕು,” ಎಂದ ಅಪ್ಪ. “ನನಗ ನಂದಷ್ಟ ಗೊತ್ತು.”

“ಅಂವ ಯಾವತ್ತೂ ಬರ್ಯಾಂಗಿಲ್ಲ.”

“ಬರ್ಯಾಂಗಿಲ್ಲ,” ಎಂದು ಒಪ್ಪಿಕೊಂಡು ಅಪ್ಪ ಮಗ್ಗಕ್ಕೆ ಹೋದ.

ಆ ಸಿಟ್ಟು ನನಗೆ ಬಹಳ ವರ್ಷ ಹೋಗಲಿಲ್ಲ. ಅಪ್ಪ ಮಾಡಿದ್ದು ದೊಡ್ಡದೆಂದು ಓಣಿಯವರೆಲ್ಲ ಅಂದರು. ಅದು ಖರೆಯೇ ಇರಬಹುದು. ಆದರೆ ಅಕ್ಕನ ಕಲ್ಲಿನ ಮೇಲೆ ಅಕ್ಕನನ್ನು ಹೊಡೆದವನು ಇಲ್ಲ, ಅವನ ಅಂಗಳ ಇಲ್ಲ, ಮಾತು ತೆಗೆದುಕೊಂಡು ಹೋದ ಹಿರಿಯರು ಇಲ್ಲ. ನೋಡಿದವರಿಗೆ ಉಳಿದದ್ದು ಒಬ್ಬ ನೇಕಾರನ ಬೆನ್ನು ಮಾತ್ರ. ಕುಂಚ ನನ್ನ ಕೈಗೂ ಬಂದಿತ್ತು, ಆಗ ನಾನೇ ಬರೆಯಬಹುದಿತ್ತು. ನಾನು ನನ್ನ ರಾಟೆಯನ್ನು ಬರೆದು ಎದ್ದು ಬಂದಿದ್ದೆ.

ಮೂರು ಮಳೆಗಾಲ ಆ ಗೋಡೆ ತಡೆಯಿತು. ನೀಲಿ ಮೊದಲು ಹೋಯಿತು. ಆಯಿಯ ಹೊಳೆ ಬಿಳಿಚಿಕೊಂಡು, ಕೈಯೊಂದು ಸುಮ್ಮನೆ ಗಾಳಿಯಲ್ಲಿ ನಿಂತಂತೆ ಕಾಣುತ್ತಿತ್ತು. ಪ್ರತಿ ಸೋಮವಾರ ಅವಳು ಆ ಕೈಗೆ ದೇವರ ಅರಿಶಿನದ ಭಂಡಾರ ಹಚ್ಚುತ್ತಿದ್ದಳು. ನಾಲ್ಕನೆಯ ವರ್ಷ ಅವಳೂ ಹೋದಳು. ಅಷ್ಟರಲ್ಲಿ ಬೋರ್ಡಿನವನು ಕೆಲಸ ಹುಡುಕಿಕೊಂಡು ಸೊಲ್ಲಾಪುರಕ್ಕೆ ಹೋಗಿದ್ದ. ಬಣ್ಣ ಕಲಸುವವರು, ಗೆರೆ ಹಾಕುವವರು ಇಲ್ಲದೆ ಆಯಿಯ ಹೆಸರಿಗೆ ಯಾರೂ ಏನೂ ಬರೆಯಲಿಲ್ಲ. ಮಾಸ್ತರರು ತೀರಿಕೊಂಡ ಸುದ್ದಿಯೂ ಬಂತು. ಕುದುರೆ ಲಾಯಕ್ಕೆ ಬೀಗ ಬಿದ್ದಿದೆ, ಅಂಗಳದ ಕಲ್ಲುಗಳ ಸುತ್ತ ಹುಲ್ಲು ಬೆಳೆದಿದೆ ಎಂದು ಜಮಖಂಡಿಗೆ ಹೋಗಿ ಬಂದವರು ಹೇಳಿದರು.

ನಾವು ಮೈಸೂರು ರಾಜ್ಯಕ್ಕೆ ಸೇರುತ್ತೇವೆ ಎಂಬ ಮಾತು ಎಲ್ಲರ ಬಾಯಲ್ಲಿದ್ದ ದಿನಗಳಲ್ಲಿ ವಖಾರಿ ಕೈ ಬದಲಾಯಿತು. ಕೊಂಡವನು ಹೊರಗಿನವನು. ಅಲ್ಲಿ ಕರೆಂಟಿನ ಮಗ್ಗ ಕೂರಿಸುವವನಿದ್ದ. ಅವನಿಗೆ ಗೋಡೆಯ ಮೇಲಿನದು ಏನೆಂದು ಗೊತ್ತಿರಲಿಲ್ಲ, ಗೊತ್ತಿದ್ದರೂ ಸತ್ತವರ ಚಿತ್ರಗಳ ಪಕ್ಕದಲ್ಲಿ ಹೊಸ ಕೆಲಸ ಶುರು ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಒಂದು ಬೆಳಿಗ್ಗೆ ಇಬ್ಬರು ಆಳುಗಳು ಬಕೆಟಿನಲ್ಲಿ ಸುಣ್ಣ ಹಿಡಿದು ಬಂದರು. ಓಣಿಯಲ್ಲಿ ಯಾರೂ ತಡೆಯಲಿಲ್ಲ. ಗೋಡೆ ನಮ್ಮದಲ್ಲವಲ್ಲ. ಒಂದಿಬ್ಬರು ಹೆಂಗಸರು ತಮ್ಮ ತಮ್ಮ ಕಲ್ಲಿನ ಮುಂದೆ ಕೈ ಮುಗಿದು ಒಳಗೆ ಹೋದರು. ಅವ್ವ ಅಡಿಗೆಮನೆಯ ಬಾಗಿಲು ಹಾಕಿಕೊಂಡಳು.

ನಾನು ಕಂಡಿಕೆಯ ಬುಟ್ಟಿ ಹಿಡಿದು ಮಗ್ಗದ ಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಆಳುಗಳು ಆ ತುದಿಯಿಂದ ಬಳಿಯುತ್ತ ಬಂದರು. ಕುರಿಗಳು ಹೋದವು, ಬೋರ್ಡಿನವನ ಹೆಂಡತಿಯ ಮೂಗುಬೊಟ್ಟು ಹೋಯಿತು. ನಮ್ಮದಕ್ಕೆ ಬಂದಾಗ ಅಪ್ಪ ಎದ್ದು ಹೊರಗೆ ಬಂದ. ಆ ಹೊತ್ತಿಗೆ ಅವನಿಗೂ ಕೆಮ್ಮು ಶುರುವಾಗಿತ್ತು, ಓಣಿ ದಾಟುವುದರೊಳಗೆ ಎರಡು ಸಲ ನಿಂತ. ಬೇಡ ಅನ್ನುತ್ತಾನೆ ಅಂದುಕೊಂಡೆ. ಅಂದರೆ ನಾನೂ ಓಡಿಹೋಗಿ ಆ ಬಕೆಟು ಚೆಲ್ಲಬೇಕೆಂದು ಬುಟ್ಟಿಯನ್ನು ಕೆಳಗಿಟ್ಟೆ.

ಅವನು ಆಳುಗಳ ಹಿಂದೆ ನಿಂತು, ಅವರು ಬಳಿದು ಮುಂದಿನದಕ್ಕೆ ಸರಿಯುವ ತನಕ ಕಾದ. ಹಸಿ ಸುಣ್ಣದ ಕೆಳಗೆ ಬಾವಿಯ ಕಟ್ಟೆಯೂ ಆ ಬೆನ್ನೂ ಇನ್ನೂ ಮಸುಕಾಗಿ ಕಾಣುತ್ತಿದ್ದವು.

“ತಮ್ಮಾ, ಇಲ್ಲಿ ಇನ್ನೊಂದು ಕೈ ಹೊಡೀರಿ,” ಎಂದ ಅಪ್ಪ. “ಕೆಂಪು ಕಾಣಾಕತ್ತೈತಿ.”

ಅವರು ತಿರುಗಿ ಬಂದು ಇನ್ನೊಂದು ಸಲ ಬಳಿದರು. ಅದು ಮುಗಿಯುವ ತನಕ ನಿಂತಿದ್ದು, ಅಪ್ಪ ನನ್ನ ಪಕ್ಕದಿಂದಲೇ ಒಳಗೆ ಹೋದ. ಮಗ್ಗದ ಕುಣಿಯಲ್ಲಿ ಕಾಲಿಟ್ಟ ಸಪ್ಪಳ ಕೇಳಿಸಿತು. ಲಾಳಿಯ ಸಪ್ಪಳಕ್ಕಾಗಿ ನಾನು ಅಲ್ಲೇ ಬಹಳ ಹೊತ್ತು ನಿಂತಿದ್ದೆ. ಅದು ಬರಲಿಲ್ಲ. ಕೊನೆಗೆ ಒಳಗೆ ಹೋಗಿ ನೋಡಿದರೆ ಅಪ್ಪ ಮಗ್ಗಕ್ಕೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ, ಕುಣಿಯ ಅಂಚಿನ ಮೇಲೆ ಕೈಯೂರಿ ಕೂತಿದ್ದ. ನಾನು ಅವನ ಎದುರಿಗೆ ನೆಲದ ಮೇಲೆ ಕೂತೆ.